ಬೇಲಿಗೆ ಬಿಟ್ಟ ಸಂದು

ದೊಡ್ಡ ಹೊಲವನ್ನು ಪಾಲು ಮಾಡುತ್ತಾರೆ ಎಂಬ ಸುದ್ದಿಯನ್ನು ಉರ್ಸುಲಾ ಪೈಕಳ ಮನೆಗೆ ತಂದವಳು ಪಕ್ಕದ ಮನೆಯ ಮೇಬಲ್ ಟ್ರಿಗ್. ಮೇಬಲಳ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಬೀರಿನ ಮಗ್ಗನ್ನು ಕೆಳಗಿಡುವ ಮೊದಲೇ ಶುರು ಮಾಡಿದಳು.

"ಕೇಳಿಸ್ಕೊಂಡ್ಯೇನೇ ಉರ್ಸುಲಾ? ಸುಗ್ಗಿ ಮುಗಿದ್ಮೇಲೆ ಹೊಲ ಪಾಲಂತೆ. ಇನ್ಮೇಲೆ ಅವರವರ ಪಟ್ಟಿ ಅವರವರಿಗೆ. ಕಡ್ಡಿ ಎತ್ತಿಸ್ತಾರಂತೆ, ಯಾರಿಗೆ ಯಾವುದು ಬಂತೋ ಅದು. ಹಿಮ ಬೀಳೋಕೆ ಮುಂಚೆ ಬೇಲಿ ಮಾತ್ರ ಹಾಕ್ಲೇಬೇಕು. ನಾನಂತೂ ಹಂದಿ ಬಿಡ್ತೀನಪ್ಪ. ಎಷ್ಟು ದಿನ ಅಂತ ಊರೋರ ಹೊಲದಲ್ಲಿ ಬೆನ್ನು ಮುರ್ಕೊಳ್ಳೋದು?"

ಜೋಳದ ತೆನೆ ಬಿಡಿಸುತ್ತಿದ್ದ ಉರ್ಸುಲಾಳ ಕೈ ನಿಂತುಹೋಯಿತು. ಮೇಬಲ್ ಹೇಳಿದ ಅಷ್ಟೂ ಮಾತಿನಲ್ಲಿ ಅವಳಿಗೆ ಕೇಳಿಸಿದ್ದು ಹಂದಿ ಎಂಬುದೊಂದೇ. ಹಂದಿ ಸುಮ್ಮನೆ ಮೇಯುವ ಪ್ರಾಣಿಯಲ್ಲ. ಮೂತಿ ಹಾಕಿ ನೆಲ ಬಗೆಯುತ್ತದೆ, ಸಿಕ್ಕಿದ್ದನ್ನು ತಿನ್ನುತ್ತದೆ. ಆ ಹೊಲದ ಕೆಳಗೆ ಎಲ್ಲೋ ಒಂದು ಕಡೆ ಅವಳ ಮಗಳು ಸಿಸ್ಲಿ ಇದ್ದಾಳೆ. ಎಲ್ಲಿ ಎಂಬುದು ಉರ್ಸುಲಾಗೆ ಗೊತ್ತಿಲ್ಲ. ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗಬಾರದೆಂದೇ ಹೂತಿದ್ದರು.

ಇಂಗ್ಲೆಂಡಿನ ಮೊದಲ ಹಡಗು ಈ ದಡಕ್ಕೆ ಬಂದು ನಿಂತದ್ದು ಹಿಮ ಬೀಳುವ ಹೊತ್ತಿಗೆ. ಬುದ್ಧಿ ಇದ್ದವರು ಆ ಕಾಲದಲ್ಲಿ ಹೊಸ ನಾಡಿನಲ್ಲಿ ಇಳಿಯುವುದಿಲ್ಲ. ಆದರೆ ಬುದ್ಧಿ ಇದ್ದವರು ಆ ಹಡಗನ್ನೇ ಹತ್ತಿರಲಿಲ್ಲ. ಉರ್ಸುಲಾಳ ಗಂಡ ರೋಜರ್ ದಾರಿಯಲ್ಲೇ ತೀರಿಕೊಂಡು ಸಮುದ್ರದ ಪಾಲಾಗಿದ್ದ. ದಡ ಮುಟ್ಟಿದವರಲ್ಲಿ ಅರ್ಧಕ್ಕರ್ಧ ಜನ ಆ ಚಳಿಗಾಲದಲ್ಲೇ ಜ್ವರ ಬಂದು, ವಸಡು ಕೊಳೆತು ಹೋದರು. ಈ ನೆಲದ ಜನ ಪೈನ್ ಕಾಡಿನೊಳಗಿಂದ ನೋಡುತ್ತಿದ್ದಾರೆ, ನಾವು ಎಷ್ಟು ಕಡಿಮೆಯಾಗಿದ್ದೇವೆಂದು ತಿಳಿದರೆ ಉಳಿದವರನ್ನೂ ಮುಗಿಸಿಬಿಡುತ್ತಾರೆ ಎಂಬ ಭಯ ಎಲ್ಲರಿಗೂ. ಊರಿನ ಹಿರಿಯ ಹಂಫ್ರಿ ಡೋಲ್ ಕಟ್ಟಪ್ಪಣೆ ಮಾಡಿದ. ಸತ್ತರೆ ಗಂಟೆ ಹೊಡೆಯಕೂಡದು, ಅಳಕೂಡದು. ದೀಪವಿಲ್ಲದೆ ಕತ್ತಲಲ್ಲಿ ಮಣ್ಣು ಮಾಡಿ ನೆಲ ಸಪಾಟು ಮಾಡಬೇಕು. ಸತ್ತವರ ಬಟ್ಟೆ ಬಿಚ್ಚಿ ಬದುಕಿದವರಿಗೆ ಕೊಡಬೇಕು. ಸತ್ತವರ ಸುದ್ದಿಯನ್ನು ಕಾಡಿನವರ ಮುಂದೆ ಜನ್ಮದಲ್ಲಿ ಎತ್ತಕೂಡದು. ಹಗಲಿನಲ್ಲಿ ಎದ್ದು ನಿಲ್ಲಲಾರದ ರೋಗಿಗಳನ್ನು ಮರಕ್ಕೆ ಒರಗಿಸಿ ಕೈಗೆ ಬಂದೂಕು ಕೊಟ್ಟು ಕಾವಲು ನಿಲ್ಲಿಸುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ವಸಂತ ಬಂದಾಗ ಹೂತ ಜಾಗದ ಮೇಲೆಲ್ಲ ಗೊಬ್ಬರಕ್ಕೆಂದು ಗುಣಿಗೊಂದು ಮೀನು ಹಾಕಿ ಮುಸುಕಿನ ಜೋಳ ಬಿತ್ತಿದರು.

ಸಿಸ್ಲಿ ಹೋದಾಗ ಉರ್ಸುಲಾಗೂ ಮೈಮೇಲೆ ಎಚ್ಚರವಿಲ್ಲದಷ್ಟು ಜ್ವರ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಮಗುವಿನ ಜಾಗ ತಣ್ಣಗಿತ್ತು. ಬಾಗಿಲಲ್ಲಿ ಡೋಲ್ ನಿಂತಿದ್ದ. "ಅಳಬೇಡ ಕಣಮ್ಮ, ಕಾಡಿಗೆ ಕಿವಿ ಇದೆ" ಅಂದ. ಅವಳು ಅಳಲಿಲ್ಲ. ಅತ್ತರೆ ತೊಂದರೆಯಿಲ್ಲ ಎನ್ನುವ ಕಾಲ ಬಂದಾಗ ಯಾರ ಮುಂದೆ ಅಳುವುದೆಂದು ಅವಳಿಗೆ ತಿಳಿಯಲಿಲ್ಲ. ಆ ವರ್ಷದ ಜೋಳವನ್ನು ಎಲ್ಲರೂ ತಿಂದರು. ಅವಳೂ ತಿಂದಳು, ಹಸಿವಿಗೆ ನಾಚಿಕೆ ಎಲ್ಲಿಯದು?

ಆಮೇಲೆ ಹಡಗಿನ ಮೇಲೆ ಹಡಗು ಬಂದು ನ್ಯೂ ಎಕ್ಸ್‌ಮತ್ ಊರು ಬೆಳೆಯಿತು. ಹೊಸಬರಿಗೆ ಮೊದಲ ಚಳಿಗಾಲದ ಕಥೆ ಗೊತ್ತಿಲ್ಲ, ಹಳಬರು ಬಾಯಿ ಬಿಡುವುದಿಲ್ಲ. ದೇವರು ನಮಗಾಗಿ ಮರ ಕಡಿದು ಹಸನು ಮಾಡಿಟ್ಟಿದ್ದ ಹೊಲ ಎಂದು ಪ್ರತಿ ಸುಗ್ಗಿಯಲ್ಲೂ ಪ್ರಾರ್ಥನೆ ಮಾಡುತ್ತಾರೆ, ಉಣ್ಣುತ್ತಾರೆ. ಉರ್ಸುಲಾ ಮಾತ್ರ ಕಳೆ ಕೀಳುವಾಗ ಆ ಹೊಲದಲ್ಲಿ ಭಾರ ಬಿಟ್ಟು ಕಾಲೂರುವುದಿಲ್ಲ. ಒಂದೊಂದೇ ಹೆಜ್ಜೆ, ಅದೂ ಹಗುರವಾಗಿ. ಹುಡುಗಿಯರು ಅವಳನ್ನು ಕೊಕ್ಕರೆಯಮ್ಮ ಎಂದು ಆಡಿಕೊಂಡು ನಗುತ್ತಾರೆ.

ಮೇಬಲ್ ಅತ್ತ ಹೋದಳೋ ಇಲ್ಲವೋ, ಉರ್ಸುಲಾ ಡೋಲನ ಬಡಗಿ ಕೊಟ್ಟಿಗೆಗೆ ನಡೆದಳು. ಡೋಲ್ ಉದ್ದನೆಯ ಮನುಷ್ಯ, ಈಗ ಬೆನ್ನು ಬಾಗಿದೆ. ಎಡಗಿವಿಯ ತುದಿ ಆ ಚಳಿಗಾಲದಲ್ಲಿ ಹಿಮ ಕಚ್ಚಿ ಉದುರಿಹೋಗಿತ್ತು. ಬೇಲಿಗೆ ಗೂಟ ಚೂಪು ಮಾಡುತ್ತ ಕೂತಿದ್ದ.

"ಯಜಮಾನ್ರೇ, ನನ್ ಮಗಳನ್ನ ಎಲ್ಲಿ ಮಣ್ಣು ಮಾಡಿದ್ರಿ?"

ಡೋಲನ ಕೊಡಲಿ ನಿಂತಿತು. "ಇಷ್ಟು ವರ್ಷ ಆದ್ಮೇಲೆ ಕೇಳ್ತಿದ್ದೀಯಲ್ಲ."

"ಕೇಳ್ಬೇಡ ಅಂದೋರು ನೀವೇ."

"ಗೊತ್ತಿಲ್ಲ ಕಣಮ್ಮ. ದೇವರಾಣೆ ಗೊತ್ತಿಲ್ಲ. ಕತ್ತಲು, ಹಿಮ, ಒಂದಾದ್ಮೇಲೆ ಒಂದು. ಬೇರೆಯವ್ರಿಗೆ ಗೊತ್ತಾಗಬಾರ್ದು ಅಂತ ಹೂತ್ವಿ, ನಮಗೇ ಗೊತ್ತಿಲ್ದಂಗಾಯ್ತು. ನನ್ ಜೊತೆ ಅಗೆದೋರೂ ಅದೇ ನೆಲದಲ್ಲಿದ್ದಾರೆ. ಆ ಉಪಾಯ ಮಾಡಿದ್ದಕ್ಕೇ ನೀನೂ ನಾನೂ ಇವತ್ತು ಉಸಿರಾಡ್ತಿರೋದು, ಅದನ್ನ ಮರೀಬೇಡ."

"ಹಾಗಾದ್ರೆ ಪಾಲು ನಿಲ್ಸಿ. ಹಂದಿ ಬಿಡ್ತಾರಂತೆ ಅಲ್ಲಿ."

"ಊರೆಲ್ಲ ಒಪ್ಪಿದ್ದನ್ನ ನಿಲ್ಸೋಕೆ ನಾನ್ಯಾರು?" ಎಂದು ಡೋಲ್ ಮತ್ತೆ ಗೂಟ ಕೈಗೆತ್ತಿಕೊಂಡ.

ಉರ್ಸುಲಾಗೆ ಇನ್ನು ಹೋಗುವುದಕ್ಕೆ ಜಾಗವಿರಲಿಲ್ಲ. ಕಡಲ ಇಳಿತದ ಹೊತ್ತಾಗಿತ್ತು, ಬುಟ್ಟಿ ಎತ್ತಿಕೊಂಡು ಚಿಪ್ಪುಮೀನು ಅಗೆಯಲು ನೀರು ಸರಿದ ಕೆಸರಿಗೆ ಇಳಿದಳು. ಅಲ್ಲಿ ಸಿಕಿಸಾ ಆಗಲೇ ಅಗೆಯುತ್ತಿದ್ದಳು. ಸಿಕಿಸಾ ಈ ನೆಲದ ಹೆಂಗಸು, ಕಾಡಿನಾಚೆ ಹೊಳೆಯ ಹತ್ತಿರ ಅವಳ ಜನರಿದ್ದಾರೆ. ಚಿಪ್ಪು ತಂದು ಊರಿನಲ್ಲಿ ಬಟ್ಟೆಗೆ, ಸೂಜಿಗೆ ಬದಲಾಯಿಸಿಕೊಳ್ಳುತ್ತ ಇಂಗ್ಲಿಷರ ಮಾತು ಕಲಿತಿದ್ದಳು. ಇಬ್ಬರೂ ವರ್ಷಗಳಿಂದ ಅಕ್ಕಪಕ್ಕ ಬಗ್ಗಿ ಅಗೆದವರು. ಮಾತು ಕಡಿಮೆ. ಆದರೂ ದಿನದಲ್ಲಿ ಉರ್ಸುಲಾಗೆ ಒಂಟಿ ಎನ್ನಿಸದ ಹೊತ್ತೆಂದರೆ ಅದೊಂದೇ. ಮನೆಗೆ ಹೋಗುವಾಗ ಸಿಕಿಸಾ ಯಾವಾಗಲೂ ಪೈನ್ ಮರಗಳ ಅಂಚಿನಲ್ಲಿ ಸ್ವಲ್ಪ ನಿಂತು ಹೊಲದ ಕಡೆ ನೋಡುತ್ತಾಳೆ. ಬುಟ್ಟಿ ಭಾರಕ್ಕೆ ಸುಧಾರಿಸಿಕೊಳ್ಳುತ್ತಾಳೆ ಎಂದು ಉರ್ಸುಲಾ ತಿಳಿದಿದ್ದಳು.

ಅವತ್ತು ಅಗೆಯುತ್ತ ಅಗೆಯುತ್ತ ಉರ್ಸುಲಾಳ ಕಣ್ಣಿಂದ ನೀರು ಇಳಿಯಿತು.

"ಏನಾಯ್ತು? ಚಿಪ್ಪು ಕುಯ್ತಾ?" ಎಂದಳು ಸಿಕಿಸಾ.

"ಇಲ್ಲ."

ಉರ್ಸುಲಾ ಮತ್ತೆ ಅಗೆಯತೊಡಗಿದಳು. ಕಟ್ಟಪ್ಪಣೆ ನಾಲಿಗೆಯ ಮೇಲೆ ಕಲ್ಲಿನಂತೆ ಕೂತಿತ್ತು. ಕಾಡಿನವರಿಗೆ ಹೇಳಕೂಡದು. ಇಷ್ಟು ವರ್ಷ ಅವಳು ಅದನ್ನು ಮೀರಿರಲಿಲ್ಲ. ಮೀರಿ ಏನು ಕಳೆದುಕೊಳ್ಳಬೇಕು, ಇನ್ನೇನು ಉಳಿದಿದೆ ಎನ್ನಿಸಿತು.

"ನಂಗೊಬ್ಳು ಮಗಳಿದ್ಲು" ಎಂದಳು.

"ಗೊತ್ತು" ಎಂದಳು ಸಿಕಿಸಾ. "ಜೋಳದ ತೆನೆಗೂದಲಿನ ಬಣ್ಣ ಅವಳ ತಲೆಗೂದಲು. ದಡದಲ್ಲಿ ಕಲ್ಲು ಆರಿಸ್ತಿದ್ಲು."

ಉರ್ಸುಲಾ ಕೆಸರಿನಲ್ಲೇ ಕುಸಿದು ಕೂತಳು. "ನಿಂಗೆ ಹೇಗೆ ಗೊತ್ತು?"

"ನೋಡ್ತಿದ್ವಿ. ಎಲ್ಲ ನೋಡ್ತಿದ್ವಿ. ಕಾಯಿಲೆಯವರನ್ನ ಮರಕ್ಕೆ ಒರಗಿಸಿ ನಿಲ್ಸಿದ್ರಿ. ಅವರಲ್ಲಿ ಒಬ್ಬ ನಿಂತಲ್ಲೇ ಸತ್ತಿದ್ದ, ಸಂಜೆವರೆಗೂ ನಿಮಗೇ ಗೊತ್ತಾಗ್ಲಿಲ್ಲ. ನಮ್ಮಜ್ಜಿ ನಿಮ್ಮಲ್ಲಿ ಒಬ್ಬೊಬ್ಬರು ಹೋದಾಗ್ಲೂ ಒಂದೊಂದು ಚಿಪ್ಪು ಎತ್ತಿಡ್ತಿದ್ಲು. ಕಡೆಗೆ ರಾಶಿ ನೋಡಿ, ಇವರೂ ನಮ್ಮ ಹಾಗೇ ಸಾಯ್ತಿದ್ದಾರೆ, ಇವರ ತಂಟೆಗೆ ಹೋಗ್ಬೇಡಿ ಅಂದ್ಲು."

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಿತ್ತು. ಊರಿಗೆ ಊರೇ ಅಳುವನ್ನು ನುಂಗಿ, ಹೆತ್ತವರ ಗುರುತನ್ನೂ ಒಡಹುಟ್ಟಿದವರ ಗುರುತನ್ನೂ ಅಳಿಸಿ ಯಾರಿಂದ ಮುಚ್ಚಿಟ್ಟಿತ್ತೋ ಅವರು ಲೆಕ್ಕವಿಟ್ಟಿದ್ದರು. ಮುಚ್ಚಿದ್ದು ತಮ್ಮಿಂದ ತಾವೇ.

"ಗೊತ್ತಿದ್ರೂ ಇಷ್ಟು ದಿನ ಒಂದ್ ಮಾತು ಹೇಳ್ಲಿಲ್ವಲ್ಲೇ!"

"ನೀವು ಮುಚ್ಚಿಟ್ಟಿದ್ರಿ. ಮುಚ್ಚಿಟ್ಟಿದ್ದನ್ನ ಕೆದಕೋದು ಮರ್ಯಾದೆ ಅಲ್ಲ. ಸತ್ತೋರ ಮಾತು ನಾವಾಗಿ ಎತ್ತೋದೂ ಇಲ್ಲ, ಹೆಸರು ಹೇಳೋದೂ ಇಲ್ಲ. ನೀನು ಕೇಳಿದ್ರೆ ಹೇಳ್ತಿದ್ದೆ."

"ಈಗ ಕೇಳ್ತಿದ್ದೀನಿ. ಎಲ್ಲಿ?"

ಸಿಕಿಸಾ ಕೈಯ ಕೆಸರು ತೊಳೆದುಕೊಂಡಳು. "ಬೆಳಿಗ್ಗೆ ಬಾ, ಮಂಜಿನಲ್ಲಿ. ನಿಮ್ಮೋರ ಕಣ್ಣಿಗೆ ಬೀಳೋದು ನಂಗೆ ಬೇಡ."

ಬೆಳಗಿನ ಮಂಜಿನಲ್ಲಿ ಇಬ್ಬರೂ ಕೊಯ್ದ ಹೊಲದೊಳಗೆ ನಡೆದರು. ಉರ್ಸುಲಾ ಎಂದಿನಂತೆ ಕಾಲು ಎತ್ತೆತ್ತಿ ಇಡುತ್ತಿದ್ದಳು. ಸಿಕಿಸಾ ನೆಲವನ್ನು ನೋಡಲೂ ಇಲ್ಲ. ತನ್ನ ಮನೆಯಲ್ಲಿ ಒಲೆಯಿಂದ ಬಾಗಿಲಿಗೆ ಹೋಗುವವಳಂತೆ ಹೋದಳು. ಪೈನ್ ಮರಗಳ ಅಂಚಿನಲ್ಲಿ ಬೋಳು ಬಂಡೆಯೊಂದರ ಪಕ್ಕ ನಿಂತು ಬಗ್ಗಿ ನೆಲ ಮುಟ್ಟಿದಳು.

"ಇಲ್ಲಿ. ತಲೆ ಬಂಡೆ ಕಡೆ, ಕಾಲು ಕಡಲ ಕಡೆ."

ಆಮೇಲೆ ಒಂದು ತೋಳಿನಷ್ಟು ಪಕ್ಕಕ್ಕೆ ಸರಿದು ಅಲ್ಲಿಯೂ ನೆಲ ಮುಟ್ಟಿದಳು. "ಇಲ್ಲಿ ನನ್ನ ಮಗ."

ಉರ್ಸುಲಾಗೆ ಅರ್ಥವಾಗಲಿಲ್ಲ. ಸಿಕಿಸಾ ನಿಧಾನವಾಗಿ ಹೇಳಿದಳು. "ನಿಮಗೆ ಇದು ನ್ಯೂ ಎಕ್ಸ್‌ಮತ್. ನಮಗೆ ಮನಾಸ್ಕೆಟ್. ನೀವು ಬರೋಕೆ ಮುಂಚೆ ಮಹಾಮಾರಿ ಬಂತು. ಹೂಳೋಕೂ ಜನ ಉಳೀಲಿಲ್ಲ. ಇವನನ್ನ ನಾನೇ ಹೂತೆ, ಕೈಯಲ್ಲಿ ಶಕ್ತಿ ಇದ್ದಾಗ. ಆ ಉದ್ದದ ಮನುಷ್ಯ ಇಲ್ಲಿ ಗುದ್ದಲಿ ಹಾಕಿದಾಗ ನಾನು ಆ ಮರದ ಹಿಂದಿದ್ದೆ. ನನ್ನ ಮಗನ್ನ ಎತ್ತಿ ಬಿಸಾಕ್ತಾನೆ ಅಂತ ಎದೆ ನಿಂತೇಹೋಯ್ತು. ಒಂದು ತೋಳು ದೂರದಲ್ಲಿ ಅಗೆದ. ಮಗೂನ ಇಟ್ಟ. ಜೊತೆಯವನು ಅತ್ತ ತಿರುಗಿದಾಗ ತನ್ನ ಕೆಂಪು ಟೋಪಿ ತೆಗೆದು ಮಗೂಗೆ ಹಾಕಿದ, ಕಿವಿ ಮುಚ್ಚೋ ಹಾಗೆ. ದೀಪ ಇಲ್ದಿದ್ರೆ ಕತ್ತಲು ಅಂದ್ಕೊಂಡಿದ್ರಿ ನೀವು. ಹಿಮದ ಮೇಲೆ ತಿಂಗಳ ಬೆಳಕಿತ್ತು."

ಉರ್ಸುಲಾ ಸುತ್ತ ನೋಡಿದಳು. ಸಾಲು ಹಿಡಿದು ಹಸನಾದ ಈ ನೆಲ. ಇದರ ಮರ ಕಡಿದದ್ದು ದೇವರಲ್ಲ, ಈ ಹೆಂಗಸಿನ ತಾಯಿ, ಅಜ್ಜಿ. ಹಾಗನ್ನಿಸಿದ್ದು ಒಂದು ಗಳಿಗೆ ಮಾತ್ರ. ಆಮೇಲೆ ಅವಳು ಬಂಡೆಯ ಪಕ್ಕ ಬೋರಲು ಮಲಗಿ ಮಣ್ಣಿಗೆ ಕೆನ್ನೆ ಕೊಟ್ಟು ಗಟ್ಟಿಯಾಗಿ ಅತ್ತಳು. ಇಷ್ಟು ವರ್ಷ ತಡೆದಿಟ್ಟ ಅಳು ಅದು, ಬೇಗ ಮುಗಿಯಲಿಲ್ಲ. ಸಿಕಿಸಾ ಅವಳಿಗೆ ಬೆನ್ನು ಮಾಡಿ, ತನ್ನ ಮಗನ ಪಕ್ಕದಲ್ಲಿ ಕೂತಿದ್ದಳು.

ಕಡ್ಡಿ ಎತ್ತುವ ದಿನ ಊರೆಲ್ಲ ಪ್ರಾರ್ಥನೆ ಮನೆಯ ಮುಂದೆ ಸೇರಿತು. ಉರ್ಸುಲಾಗೆ ಬಂದದ್ದು ಹಳ್ಳದ ಬದಿಯ ಕಪ್ಪು ಮಣ್ಣಿನ ಪಟ್ಟಿ, ಊರಿಗೇ ಒಳ್ಳೆಯದು. ಕೊಕ್ಕರೆಯಮ್ಮನ ಅದೃಷ್ಟ ನೋಡಿ ಎಂದರು ಜನ. ಪೈನ್ ಅಂಚಿನ ಬಂಡೆಯ ಪಟ್ಟಿ ಮೇಬಲಳ ಪಾಲಾಯಿತು.

"ಥೂ, ಬರೀ ಕಲ್ಲು, ಬೇರು! ಹೋಗ್ಲಿ, ಹಂದಿಗಾದ್ರೂ ಆಗುತ್ತೆ ಬಿಡು" ಎಂದು ಮೇಬಲ್ ಕಡ್ಡಿ ಮುರಿದು ಬಿಸಾಕಿದಳು.

"ನಂದು ತಗೋ, ನಿಂದು ಕೊಡು" ಎಂದಳು ಉರ್ಸುಲಾ.

"ನಿಂಗೆ ತಲೆ ನೆಟ್ಟಗಿದೆ ತಾನೇ?" ಎಂದು ಕೇಳಿದ ಮೇಬಲ್, ಅವಳ ತಲೆ ನೆಟ್ಟಗಾಗುವ ಮೊದಲೇ, "ಆಯ್ತು ಆಯ್ತು, ಎಲ್ರೂ ಕೇಳಿಸ್ಕೊಂಡ್ರಲ್ಲ?" ಎಂದು ಕೂಗಿದಳು.

ಡೋಲ್ ಕೈ ಎತ್ತಿದ. "ಅದಲು ಬದಲು ಇಲ್ಲ. ಇವತ್ತು ಇವಳಿಗೆ ಬಿಟ್ರೆ ನಾಳೆ ಊರೆಲ್ಲ ಜಗಳ."

ಜನ ಚದುರಿದ ಮೇಲೆ ಉರ್ಸುಲಾ ಅವನ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳು ಆ ಬಂಡೆಯ ಪಕ್ಕದಲ್ಲಿದ್ದಾಳೆ, ಸಿಕಿಸಾ ತೋರಿಸಿದಳು ಎಂದಳು. ಡೋಲನ ಮುಖ ಕೆಂಪಗಾಯಿತು.

"ಕಾಡಿನವಳ ಹತ್ರ ಹೇಳಿದ್ಯಾ? ಅಪ್ಪಣೆ ಮೀರಿದ್ಯಾ? ಒಂದು ಗಜ ಬಟ್ಟೆ ಸಿಗುತ್ತೆ ಅಂದ್ರೆ ಅವಳು ನಿನ್ನ ಮುತ್ತಜ್ಜಿ ಗೋರೀನೂ ತೋರಿಸ್ತಾಳೆ. ಸುಳ್ಳು!"

"ನೀವು ನಿಮ್ಮ ಕೆಂಪು ಟೋಪಿ ತೆಗೆದು ಸಿಸ್ಲಿಗೆ ಹಾಕಿದ್ರಂತೆ. ಕಿವಿ ಮುಚ್ಚೋ ಹಾಗೆ. ಅದೂ ಸುಳ್ಳಾ?"

ಡೋಲನ ಕೈ ತನ್ನಷ್ಟಕ್ಕೆ ತಾನೇ ಎಡಗಿವಿಗೆ ಹೋಯಿತು, ತುದಿ ಇಲ್ಲದ ಕಿವಿಗೆ. ಟೋಪಿಯನ್ನು ಗಾಳಿ ಹೊಡೆದುಕೊಂಡು ಹೋಗಿ ಕಡಲಿಗೆ ಹಾಕಿತು ಎಂದು ಅವನು ಊರಿಗೆಲ್ಲ ಹೇಳಿದ್ದ. ಟೋಪಿ ಕಾಯಲಾರದವನು ಊರು ಕಾಯುತ್ತಾನಂತೆ ಎಂದು ಜನ ನಕ್ಕಿದ್ದರು. ಸತ್ತವರಿಗೆ ಬಟ್ಟೆ ಕೊಡಕೂಡದು ಎಂದು ಅಪ್ಪಣೆ ಮಾಡಿದವನು ನಗಿಸಿಕೊಂಡು ಸುಮ್ಮನಿದ್ದ. ಈಗ ಮರದ ದಿಮ್ಮಿಯ ಮೇಲೆ ಮೆಲ್ಲಗೆ ಕೂತ.

"ಚಳಿ ಇತ್ತು ಕಣಮ್ಮ" ಎಂದ. ಆಮೇಲೆ, "ಅವರಿಗೆ ಗೊತ್ತಿತ್ತಾ? ಪೂರಾ?"

"ಪೂರಾ."

"ನನ್ನ ಒಡಹುಟ್ಟಿದ ತಮ್ಮನ್ನ ಒಂದು ಹನಿ ಕಣ್ಣೀರಿಲ್ದೆ ಹೂತೆ. ಅವನ ಹೆಂಡ್ತಿ ಬಾಯಿಗೆ ನಾನೇ ಬಟ್ಟೆ ಒತ್ತಿ ಹಿಡಿದೆ. ಯಾರಿಗೋಸ್ಕರ?" ಉರ್ಸುಲಾಗೆ ಅವನ ಮೇಲೆ ಇಷ್ಟು ವರ್ಷ ಇದ್ದ ಸಿಟ್ಟು ಅಲ್ಲಿಯೇ ಕರಗಿಹೋಯಿತು. ಡೋಲ್ ಮುಖ ಒರೆಸಿಕೊಂಡು ಎದ್ದ. "ಬದಲಾಯಿಸ್ಕೋ ಹೋಗು. ಕೇಳಿದ್ರೆ ನಾನು ಹೇಳ್ದೆ ಅನ್ನು. ಬೇಲಿ ಮಾತ್ರ ಎಲ್ಲರಂತೆ ಹಾಕ್ಬೇಕು, ಎದೆಯೆತ್ತರಕ್ಕೆ. ಬೇಲಿಯೊಳಗೆ ಕಾಡಿನವರು ಬರಕೂಡದು. ಅದು ಊರಿನ ಕಾನೂನು, ನನ್ ಕೈಲಿಲ್ಲ."

ಹ್ಞೂಂ ಎಂದಳು ಉರ್ಸುಲಾ. ಮಗಳು ಸಿಕ್ಕಿದ ಸಂತೋಷದಲ್ಲಿ ಕೊನೆಯ ಮಾತು ಅವಳ ಕಿವಿಯೊಳಗೆ ಇಳಿಯಲೇ ಇಲ್ಲ.

ಬೇಲಿಯನ್ನು ಅವಳೇ ಹಾಕಿದಳು. ಗೂಟ ಹೊತ್ತಳು, ಹೊಡೆದಳು, ಅಂಗೈ ಬೊಬ್ಬೆ ಎದ್ದರೂ ಬಿಡಲಿಲ್ಲ. ಹೊಡೆಯುತ್ತ ಸಿಸ್ಲಿಯ ಜೊತೆ ಮಾತಾಡುತ್ತಿದ್ದಳು, ರೋಜರನ ಕಥೆ ಹೇಳುತ್ತಿದ್ದಳು. ಸುತ್ತ ಬಂದು ಪೈನ್ ಅಂಚಿನ ಕೊನೆಯ ಗೂಟಗಳಿಗೆ ಬಂದಾಗ ಕೈ ತಡೆಯಿತು. ಸಿಕಿಸಾ ಯಾವಾಗಲೂ ನಿಂತು ನೋಡುತ್ತಿದ್ದ ಜಾಗ ಅದು. ಅವಳ ಮಗ ಬೇಲಿಯೊಳಗೆ ಸೇರಿದ್ದ.

ಉರ್ಸುಲಾ ಅಲ್ಲಿ ಗೂಟ ಹೊಡೆಯಲಿಲ್ಲ. ಒಬ್ಬರು ಅಡ್ಡವಾಗಿ ತೂರುವಷ್ಟು ಸಂದು ಬಿಟ್ಟಳು.

"ಬೇಲಿ ಹಾಕಿದ್ಯೋ, ಹಲ್ಲು ಉದುರಿದ ಬಾಯಿ ಮಾಡಿಟ್ಟಿದ್ಯೋ?" ಎಂದು ಮೇಬಲ್ ಹಾಸ್ಯ ಮಾಡಿದಳು. "ನನ್ ಹಂದಿ ನುಗ್ಗಿದ್ರೆ ಆಮೇಲೆ ನನ್ನ ಬಯ್ಯಬೇಡ."

ಉರ್ಸುಲಾ ಕೆಸರಿಗೆ ಓಡಿ ಸಿಕಿಸಾಳನ್ನು ಕೈಹಿಡಿದು ಕರೆದುಕೊಂಡು ಬಂದಳು. ಉಡುಗೊರೆ ಕೊಡುವವಳ ಸಡಗರವಿತ್ತು ಅವಳಲ್ಲಿ.

ಸಿಕಿಸಾ ಸಂದಿನ ಹೊರಗೆ ನಿಂತಳು. ಗೂಟಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಇದು ಯಾರಿಗೆ?"

"ನಿಂಗೇ ಕಣೇ! ಯಾರೇನಂದ್ರೂ ಅನ್ಲಿ. ನೀನು ಯಾವಾಗ ಬೇಕಾದ್ರೂ ಬಾ, ನಾನು ಬಿಡ್ತೀನಿ."

"ನೀನು ಬಿಡ್ತೀಯ" ಎಂದಳು ಸಿಕಿಸಾ. ಗೂಟವೊಂದರ ತಲೆಯ ಮೇಲೆ ಕೈಯಿಟ್ಟಳು. "ನಾನು ಹುಟ್ಟಿದ್ದು ಇಲ್ಲಿ. ಅಲ್ಲಿ, ಹಂದಿಗೂಡು ಇದೆಯಲ್ಲ, ಅಲ್ಲಿ. ನನ್ನ ಮನೆಗೆ ನಾನು ಸಂದಿಯಲ್ಲಿ ತೂರ್ಕೊಂಡು ಬರಬೇಕಾ, ಉರ್ಸುಲಾ?"

ಇಷ್ಟು ವರ್ಷದಲ್ಲಿ ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಉರ್ಸುಲಾ ಏನಾದರೂ ಹೇಳಬಹುದಿತ್ತು. ನಾಚಿಕೆಯಿಂದ ಅವಳ ಮೈ ಬಿಸಿಯಾಯಿತು.

"ಮತ್ತೇನ್ ಮಾಡ್ಲೇ? ನೀನೇ ಹೇಳು. ಬೇಲಿ ಕಿತ್ತಾಕ್ಲಾ?"

ಸಿಕಿಸಾ ಬಂಡೆಯ ಕಡೆ ನೋಡಿದಳು. ಅಲ್ಲಿ ಎರಡು ಕಡೆ ಉರ್ಸುಲಾ ಕಳೆ ಕಿತ್ತು, ಕಡಲ ಕಲ್ಲು ಸುತ್ತ ಜೋಡಿಸಿದ್ದಳು.

"ಬೇಡ. ಪೂರ್ತಿ ಮುಚ್ಚು. ಹಂದಿ ಬರುತ್ತೆ" ಎಂದಳು. "ಒಳಗೆ ಇಬ್ಬರೂ ಇದ್ದಾರೆ."

ಬುಟ್ಟಿ ಎತ್ತಿಕೊಂಡು ಮರಗಳ ನಡುವೆ ನಡೆದುಹೋದಳು. ಎಂದಿನಂತೆ ಅಂಚಿನಲ್ಲಿ ನಿಲ್ಲಲಿಲ್ಲ. ಮಾರನೆಯ ಇಳಿತಕ್ಕೆ ಬರಲಿಲ್ಲ, ಅದರ ಮುಂದಿನ ಇಳಿತಕ್ಕೂ ಬರಲಿಲ್ಲ. ಉರ್ಸುಲಾ ಕೆಸರಿನಲ್ಲಿ ಒಬ್ಬಳೇ ಬಗ್ಗಿ ಅಗೆದಳು. ಯಾರೋ ಬಂದ ಸದ್ದಾಯಿತೆಂದು ತಲೆಯೆತ್ತಿದಾಗಲೆಲ್ಲ ಕಡಲಹಕ್ಕಿಗಳಷ್ಟೇ ಇದ್ದವು. ಹಿಮ ಬೀಳುವ ಮುಂಚಿನ ವಾರ ಮೇಬಲಳ ಹೆಣ್ಣು ಹಂದಿ ಸಂದಿನಲ್ಲಿ ಮೂತಿ ತೂರಿಸಿ ಮೂಸುತ್ತಿರುವುದನ್ನು ಕಂಡು ಅವಳು ಕೋಲು ಹಿಡಿದು ಅಟ್ಟಿದಳು. ಆಮೇಲೆ ಉಳಿದ ಗೂಟಗಳನ್ನು ಹೊತ್ತು ತಂದಳು.

ಕೊನೆಯ ಗೂಟ ನಿಲ್ಲಿಸುವಾಗ ಮೇಬಲ್ ಹಂದಿ ಹುಡುಕಿಕೊಂಡು ಬಂದು ಬೇಲಿಯಾಚೆ ನಿಂತಳು.

"ಅಂತೂ ಬುದ್ಧಿ ಬಂತು ನೋಡು! ಅಲ್ವೇ, ಹಳ್ಳದ ಬದಿ ಬಂಗಾರದಂಥ ನೆಲ ಬಿಟ್ಟು ಈ ಕಲ್ಲು ಕಾಯ್ಕೊಂಡು ಕೂತಿದ್ದೀಯಲ್ಲ. ಒಬ್ಳೇ ಬೇಜಾರಾಗಲ್ವೇನೇ?"

"ಇಲ್ಲಿ ಇಬ್ರು ಮಕ್ಕಳಿದ್ದಾರೆ ಕಣೇ ಮೇಬಲ್" ಎಂದಳು ಉರ್ಸುಲಾ. "ಒಬ್ಬನ ತಾಯಿ ಇಲ್ಲಿಗೆ ಬರೋ ಹಾಗಿಲ್ಲ."

ಮೇಬಲ್ ಬಾಯಿ ತೆರೆದು ನಿಂತಿದ್ದಾಗಲೇ ಅವಳು ಸುತ್ತಿಗೆ ಎತ್ತಿ ಗೂಟದ ತಲೆಗೆ ಹೊಡೆದಳು.